ಐದೂವರೆ ತಿಂಗಳಾದರೂ ಮಗುಚಿಕೊಂಡಿಲ್ಲ: ದಿನ ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನ್ನ ಮಗ 30 ವಾರಕ್ಕೇ ಹುಟ್ಟಿದ. ಹುಟ್ಟಿದಾಗ ತೂಕ 1,280 ಗ್ರಾಂ. 38 ದಿನ ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಅದರಲ್ಲಿ ನಾಲ್ಕು ದಿನ ವೆಂಟಿಲೇಟರ್. ಮೊದಲ ವಾರದ ತಲೆ ಸ್ಕ್ಯಾನ್‌ನಲ್ಲಿ ‘ಗ್ರೇಡ್ 2 ರಕ್ತಸ್ರಾವ’ ಎಂದು ಬರೆದಿದ್ದಾರೆ. ಕಣ್ಣಿನ ಪರೀಕ್ಷೆ ಒಮ್ಮೆ ಆಯಿತು, ಮತ್ತೆ ಬರಲು ಹೇಳಿದ್ದರೂ ಹೋಗಲಾಗಲಿಲ್ಲ. ಕಿವಿ ಪರೀಕ್ಷೆ ‘ಪಾಸ್’. ಈಗ ಅವನಿಗೆ ಐದೂವರೆ ತಿಂಗಳು. ಕತ್ತು ಪೂರ್ತಿ ನಿಂತಿಲ್ಲ, ಮಗುಚಿಕೊಂಡಿಲ್ಲ. ‘ಏಳು ತಿಂಗಳಿಗೆ ಹುಟ್ಟಿದ ಮಕ್ಕಳು ಹೀಗೇ, ವರ್ಷ ತುಂಬುವಷ್ಟರಲ್ಲಿ ಸರಿಹೋಗ್ತಾವೆ’ ಅನ್ನುತ್ತಾರೆ ನಮ್ಮತ್ತೆ. ಕಾಯಬೇಕೋ, ತೋರಿಸಬೇಕೋ?

ಉತ್ತರ: ತೋರಿಸಬೇಕು, ಅದೂ ಈ ಎರಡು ವಾರದೊಳಗೆ. ಆದರೆ ನೀವು ಹೆದರಿರುವ ಕಾರಣಕ್ಕಲ್ಲ. ಮಗುಚಿಕೊಳ್ಳದಿರುವುದು ಇವನ ವಯಸ್ಸಿಗೆ ದೋಷವೇ ಅಲ್ಲ. ಹೇಗೆಂದು ಹೇಳುತ್ತೇನೆ.

ನಿಮ್ಮ ಮಗನಿಗೆ ಎರಡು ವಯಸ್ಸಿದೆ. ಹುಟ್ಟಿದ ದಿನದಿಂದ ಎಣಿಸಿದರೆ ಸುಮಾರು 24 ವಾರ. ಆದರೆ ಅವನು 40 ವಾರಕ್ಕೆ ಬರಬೇಕಾದವನು, 10 ವಾರ ಮೊದಲೇ ಬಂದ. ಆ ಹತ್ತನ್ನು ಕಳೆದರೆ 14 ವಾರ, ಅಂದರೆ ಮೂರು ತಿಂಗಳು ದಾಟಿ ಕೆಲವು ದಿನ. ಡಾಕ್ಟರುಗಳು ಇದನ್ನು ಕರೆಕ್ಟೆಡ್ ವಯಸ್ಸು ಅನ್ನುತ್ತಾರೆ. ವಾರಗಳ ಲೆಕ್ಕ ಗೊಂದಲವಾದರೆ ಸುಲಭದ ದಾರಿಯೊಂದಿದೆ: ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕ ಬರೆದಿರುತ್ತದಲ್ಲ, ಅದನ್ನೇ ಹುಟ್ಟಿದ ದಿನ ಎಂದುಕೊಂಡು ಎಣಿಸಿ. ಕೊನೆಯ ಮುಟ್ಟಿನ ಲೆಕ್ಕಕ್ಕೂ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಸ್ಕ್ಯಾನಿನ ತಾರೀಖೇ ಹೆಚ್ಚು ನಂಬಿಕೆಗೆ ತಕ್ಕದ್ದು. ಎರಡು ವರ್ಷ ತುಂಬುವವರೆಗೂ ಕುಳಿತದ್ದು, ನಡೆದದ್ದು, ಮಾತಾಡಿದ್ದು ಎಲ್ಲವನ್ನೂ ಈ ವಯಸ್ಸಿಗೇ ಹೋಲಿಸಬೇಕು. ಲಸಿಕೆಗೆ ಮಾತ್ರ ಈ ಲೆಕ್ಕವಿಲ್ಲ, ಅದನ್ನು ನಿಜವಾಗಿ ಹುಟ್ಟಿದ ತಾರೀಖಿನಂತೆಯೇ ಹಾಕಿಸಬೇಕು. ‘ಸಣ್ಣ ಮಗು, ಆಮೇಲೆ ಹಾಕಿಸೋಣ’ ಎಂದು ಮುಂದೂಡುವುದು ಎಷ್ಟೋ ಮನೆಗಳಲ್ಲಿ ನಡೆಯುವ ತಪ್ಪು.

ಈ ಕಳೆಯುವ ಲೆಕ್ಕ ಬಿಟ್ಟುಹೋದರೆ ಎಷ್ಟು ಎಡವಟ್ಟಾಗುತ್ತದೆ ನೋಡಿ. ಇದೇ ಮಗುವಿಗೆ ಕರೆಕ್ಟೆಡ್ ವಯಸ್ಸು 12 ತಿಂಗಳಾದಾಗ ಪರೀಕ್ಷೆಯಲ್ಲಿ 9 ತಿಂಗಳ ಮಗುವಿನಷ್ಟು ಮಾಡಿತು ಅನ್ನಿ. 9ನ್ನು 12ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬೆಳವಣಿಗೆಯ ಸೂಚ್ಯಂಕ 75. ಅದೇ ಹುಟ್ಟಿದ ತಾರೀಖಿನಿಂದ ಎಣಿಸಿದರೆ ವಯಸ್ಸು 14 ತಿಂಗಳು ದಾಟಿರುತ್ತದೆ, ಸೂಚ್ಯಂಕ 63ಕ್ಕೆ ಇಳಿಯುತ್ತದೆ. 70ರ ಕೆಳಗೆ ಹೋದರೆ ‘ಬೆಳವಣಿಗೆ ಕುಂಠಿತ’ ಎಂಬ ಮುದ್ರೆ ಬೀಳುತ್ತದೆ. ಮಗು ಅದೇ, ಮಾಡಿದ್ದೂ ಅಷ್ಟೇ, ಬದಲಾದದ್ದು ಭಾಗಾಕಾರ. ಆದ್ದರಿಂದ ಯಾವ ವರದಿ ಕೈಗೆ ಬಂದರೂ ಮೊದಲು ಯಾವ ವಯಸ್ಸು ಹಾಕಿದ್ದಾರೆ ಎಂದು ನೋಡಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 14 ವಾರದ ಮಗುವಿನ ಕತ್ತು ಪೂರ್ತಿ ನಿಲ್ಲಬೇಕಿಲ್ಲ, ಅದು ಸಾಮಾನ್ಯವಾಗಿ ನಾಲ್ಕು ತಿಂಗಳ ಸುಮಾರಿಗೆ. ಮಗುಚಿಕೊಳ್ಳುವುದು ನಾಲ್ಕರಿಂದ ಆರು ತಿಂಗಳ ನಡುವೆ. ಈಗ ಅವನಿಂದ ಬಯಸಬೇಕಾದದ್ದು ಬೇರೆ: ನಿಮ್ಮ ಮುಖ ನೋಡಿ ನಗುತ್ತಾನೆಯೇ, ನೀವು ಪಕ್ಕಕ್ಕೆ ಸರಿದರೆ ಕಣ್ಣು ಹಿಂಬಾಲಿಸುತ್ತದೆಯೇ, ‘ಊ... ಆ...’ ಎಂದು ರಾಗ ತೆಗೆಯುತ್ತಾನೆಯೇ, ಬೋರಲು ಮಲಗಿಸಿದರೆ ತಲೆಯನ್ನು ಸ್ವಲ್ಪ ಹೊತ್ತು ಎತ್ತುತ್ತಾನೆಯೇ, ಎಚ್ಚರವಿದ್ದಾಗ ಮುಷ್ಟಿ ಹೆಚ್ಚು ಹೊತ್ತು ಬಿಚ್ಚಿರುತ್ತದೆಯೇ, ಎರಡು ಕೈಯನ್ನೂ ಎದೆಯ ಮುಂದೆ ತರುತ್ತಾನೆಯೇ. ಹೆಬ್ಬೆರಳನ್ನು ಒಳಗೆ ಮಡಚಿದ ಮುಷ್ಟಿ ಸದಾ ಬಿಗಿದೇ ಇರುವುದು, ಚಡ್ಡಿ ಬದಲಿಸುವಾಗ ಕಾಲು ಬಿಡಿಸಲು ಕಷ್ಟವಾಗುವುದು, ಕಾಲು ಕತ್ತರಿಯಂತೆ ಒಂದರ ಮೇಲೊಂದು ಬರುವುದು, ಎತ್ತಿಕೊಂಡಾಗ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುವುದು, ಒಂದು ಕೈ ಮಾತ್ರ ಆಡುವುದು ಇವು ಲೆಕ್ಕಕ್ಕೆ ಬರುವ ಲಕ್ಷಣಗಳು. ‘ನಮ್ಮ ಮಗು ಈಗಲೇ ಬಲಗೈ ಬಂಟ’ ಎಂದು ಹೆಮ್ಮೆಪಡುವವರಿದ್ದಾರೆ. ವರ್ಷದೊಳಗೆ ಒಂದೇ ಕೈ ಬಳಸುತ್ತಿದ್ದರೆ ಇನ್ನೊಂದು ಕೈ ಯಾಕೆ ಸುಮ್ಮನಿದೆ ಎಂದು ಕೇಳಬೇಕು.

ಎರಡು ವಾರದ ಅವಸರ ಯಾಕೆಂದರೆ, ದಿನ ತುಂಬದ ಮಗುವಿನ ಮಿದುಳಿನ ಬಗ್ಗೆ ಅತಿ ಹೆಚ್ಚು ಹೇಳುವ, ಸೂಜಿಯಿಲ್ಲದ, ಉಪಕರಣ ಬೇಡದ ಪರೀಕ್ಷೆಯೊಂದಕ್ಕೆ ಇದೇ ಕಾಲ. ಹೆಸರು ಜನರಲ್ ಮೂವ್‌ಮೆಂಟ್ಸ್ ಅಸೆಸ್‌ಮೆಂಟ್. ಹೈನ್ಸ್ ಪ್ರೆಕ್ಟಲ್ ಎಂಬ ಆಸ್ಟ್ರಿಯಾದ ವೈದ್ಯರು ರೂಪಿಸಿದ ವಿಧಾನ. ಅಂಗಾತ ಮಲಗಿದ ಮಗು ತನ್ನಷ್ಟಕ್ಕೆ ಆಡುವುದನ್ನು ನೋಡುವುದಷ್ಟೇ ಪರೀಕ್ಷೆ. ಕರೆಕ್ಟೆಡ್ 9ನೇ ವಾರದಿಂದ 20ನೇ ವಾರದವರೆಗೆ ಮಕ್ಕಳಲ್ಲಿ ಒಂದು ವಿಶೇಷ ಚಲನೆ ಇರುತ್ತದೆ: ಕತ್ತು, ಸೊಂಟ, ಮಣಿಕಟ್ಟು, ಕಾಲಿನ ಗಿಣ್ಣುಗಳಲ್ಲಿ ಸಣ್ಣಸಣ್ಣ, ಸುತ್ತು ಹಾಕಿದಂಥ, ಎಲ್ಲ ದಿಕ್ಕಿಗೂ ಹರಿಯುವ ಮಿಸುಕಾಟ. ಕೈಕಾಲು ಬಡಿಯುವುದು ಬೇರೆ, ಇದು ಬೇರೆ. ಅತಿ ಸ್ಪಷ್ಟವಾಗಿ ಕಾಣುವುದು 12ರಿಂದ 16ನೇ ವಾರದಲ್ಲಿ. ನಿಮ್ಮ ಮಗ ಈಗ ಸರಿಯಾಗಿ ಅದರ ನಡುವೆ ಇದ್ದಾನೆ. ಈ ಮಿಸುಕಾಟ ಚೆನ್ನಾಗಿದ್ದರೆ ಮುಂದೆ ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಬಿದ್ದ ಪೆಟ್ಟಿನಿಂದ ಕೈಕಾಲಿನ ಹಿಡಿತ ಕೆಡುವ ತೊಂದರೆ) ಬರುವ ಸಾಧ್ಯತೆ ಬಹಳ ಕಡಿಮೆ. ಒಂದಿಷ್ಟೂ ಕಾಣದಿದ್ದರೆ ಸಾಧ್ಯತೆ ತುಂಬ ಹೆಚ್ಚು, ವ್ಯಾಯಾಮ ಚಿಕಿತ್ಸೆಯನ್ನು ಅಂದೇ ಶುರುಮಾಡಬೇಕು. 20 ವಾರ ದಾಟಿದ ಮೇಲೆ ಮಗು ಕೈಚಾಚಿ ಹಿಡಿಯುವ ಆಟಕ್ಕೆ ಇಳಿಯುತ್ತದೆ, ಈ ಚಲನೆ ತಾನಾಗಿ ಮಾಯವಾಗುತ್ತದೆ. ಆಮೇಲೆ ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ ಈ ಕಿಟಕಿ ತೆರೆಯುವುದಿಲ್ಲ.

ಇದನ್ನು ಓದಲು ತರಬೇತಿ ಪಡೆದವರು ಎಲ್ಲ ಊರಲ್ಲಿ ಸಿಗುವುದಿಲ್ಲ, ಆದರೆ ವಿಡಿಯೊ ಮನೆಯಲ್ಲೇ ಮಾಡಬಹುದು. ಹಾಲು ಕುಡಿದು ಅರ್ಧ ಗಂಟೆಯಾಗಿರಲಿ, ನಿದ್ದೆ ಮುಗಿದಿರಲಿ. ಗಾಳಿ ಬೀಸದ ಬೆಚ್ಚನೆಯ ಕೋಣೆಯಲ್ಲಿ, ಚಿತ್ತಾರವಿಲ್ಲದ ಒಂದೇ ಬಣ್ಣದ ಹೊದಿಕೆ ಹಾಸಿ ಅಂಗಾತ ಮಲಗಿಸಿ. ತೋಳಿಲ್ಲದ ಬನಿಯನ್ನು, ಚಡ್ಡಿ ಸಾಕು. ತೋಳು, ತೊಡೆ, ಪಾದ ಬರಿದಾಗಿರಬೇಕು. ಕಾಲುಚೀಲ, ಕೈಚೀಲ ಬೇಡ. ಫೋನನ್ನು ಕಾಲಿನ ಕಡೆಯಿಂದ, ಮೇಲ್ಗಡೆ, ಅಲುಗಾಡದಂತೆ ಹಿಡಿಯಿರಿ. ಮುಖದಿಂದ ಕಾಲ್ಬೆರಳವರೆಗೆ ಇಡೀ ಮೈ ಚೌಕಟ್ಟಿನೊಳಗೆ ಇರಬೇಕು. ಮೂರರಿಂದ ಐದು ನಿಮಿಷ ಸಾಕು. ಗಿಲಕಿ ಆಡಿಸಬೇಡಿ, ಮಾತಾಡಿಸಬೇಡಿ, ಬಾಯಿಗೆ ನಿಪ್ಪಲ್ ಇಡಬೇಡಿ. ಇದು ಬರಿಯ ಶಿಸ್ತಿನ ಮಾತಲ್ಲ: ಮಗುವಿನ ಗಮನ ಒಂದು ವಸ್ತುವಿನ ಮೇಲೆ ನಿಂತ ಕೂಡಲೇ ಈ ಮಿಸುಕಾಟ ನಿಂತುಬಿಡುತ್ತದೆ, ವಿಡಿಯೊದಲ್ಲಿ ‘ಇಲ್ಲ’ ಎಂದು ಕಾಣುತ್ತದೆ. ಅಳುವಾಗಲೂ ಬಿಕ್ಕಳಿಸುವಾಗಲೂ ಹೀಗೇ. ಅತ್ತರೆ ನಿಲ್ಲಿಸಿ, ಇನ್ನೊಂದು ಹೊತ್ತಿಗೆ ಮಾಡಿ. ಆ ವಿಡಿಯೊವನ್ನು ನೀವೇ ನೋಡಿ ತೀರ್ಮಾನಿಸಬೇಡಿ. ಮಗು ಹುಟ್ಟಿದ ಆಸ್ಪತ್ರೆಯ ನವಜಾತ ಶಿಶು ವಿಭಾಗಕ್ಕೆ ತೋರಿಸಿ, ಜೊತೆಗೆ ಕರೆಕ್ಟೆಡ್ ವಯಸ್ಸನ್ನು ವಾರಗಳಲ್ಲಿ ಬರೆದುಕೊಡಿ.

ಇದಕ್ಕೆ ಜೋಡಿಯಾಗಿ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ಬೇಕು. ಹ್ಯಾಮರ್‌ಸ್ಮಿತ್ ಪರೀಕ್ಷೆ, ಬಾಯಿಮಾತಿನಲ್ಲಿ ‘ಹೈನ್’. ಎರಡು ತಿಂಗಳಿಂದ ಎರಡು ವರ್ಷದವರೆಗೆ ಮಾಡಬಹುದು. ಮುಖ-ಕಣ್ಣು-ನುಂಗುವಿಕೆ, ಮೈಯ ಭಂಗಿ, ಚಲನೆ, ಸ್ನಾಯುಗಳ ಬಿಗಿ, ಪ್ರತಿವರ್ತನೆಗಳು ಹೀಗೆ ಐದು ಗುಂಪಿನಲ್ಲಿ 26 ಅಂಶ, ಒಂದೊಂದಕ್ಕೆ ಹೆಚ್ಚೆಂದರೆ 3 ಅಂಕ, ಒಟ್ಟು 78. ಕೈಪಳಗಿದವರಿಗೆ ಹತ್ತು-ಹದಿನೈದು ನಿಮಿಷದ ಕೆಲಸ. ಮೂರು ತಿಂಗಳಲ್ಲಿ 57ಕ್ಕಿಂತ ಕಡಿಮೆ ಬಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಆರರಿಂದ ಹನ್ನೆರಡು ತಿಂಗಳಲ್ಲಿ 73ಕ್ಕಿಂತ ಕಡಿಮೆಯಾದರೆ ಕಣ್ಣಿಡಬೇಕು. ಅಂಕದ ಪಕ್ಕದಲ್ಲೇ ಎಡ-ಬಲದ ವ್ಯತ್ಯಾಸ ಎಷ್ಟು ಎಂದೂ ಬರೆದಿರುತ್ತಾರೆ. ಮೈಯ ಒಂದೇ ಬದಿಯ ತೊಂದರೆ ಒಟ್ಟು ಅಂಕದಲ್ಲಿ ಮುಚ್ಚಿಹೋಗಬಹುದು, ಆ ಕಾಲಂ ಅದನ್ನು ಹಿಡಿಯುತ್ತದೆ.

ನಮ್ಮ ಕಡೆಯ ಕ್ಲಿನಿಕ್ಕುಗಳಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಫ್ರಾನ್ಸಿನ ಅಮಿಯೆಲ್-ಟೀಸನ್ ಅವರ ಕೋನಗಳ ಲೆಕ್ಕ. ಮಂಡಿ ನೇರವಿಟ್ಟು ಎರಡು ತೊಡೆಗಳನ್ನು ಅಗಲಿಸಿದಾಗ ಎಷ್ಟು ಡಿಗ್ರಿ ತೆರೆಯುತ್ತದೆ ಎಂದು ಅಳೆಯುತ್ತಾರೆ: ಮೂರು ತಿಂಗಳವರೆಗೆ 40ರಿಂದ 80, ಏಳರಿಂದ ಒಂಬತ್ತು ತಿಂಗಳಲ್ಲಿ 110ರಿಂದ 140. ಮಗು ದೊಡ್ಡದಾದಂತೆ ಮೈ ಸಡಿಲವಾಗುತ್ತ ಹೋಗಬೇಕು. ಕೋನ ಹಿಗ್ಗದೆ ನಿಂತಲ್ಲೇ ನಿಂತರೆ ಬಿಗಿತ ಏರುತ್ತಿದೆ ಎಂದರ್ಥ. ಈ ಅಳತೆ ಕೆಡುವುದು ಬಹಳ ಸುಲಭ. ಹಸಿದ, ಅಳುವ, ಚಳಿಯಲ್ಲಿರುವ ಮಗು ಬಿಗಿಯಾಗಿಯೇ ಸಿಗುತ್ತದೆ. ತಲೆ ಒಂದು ಪಕ್ಕಕ್ಕೆ ತಿರುಗಿದ್ದರೆ ಎಡ-ಬಲದ ಕೈಕಾಲಿನ ಬಿಗಿ ತಾನಾಗಿ ಬೇರೆಬೇರೆಯಾಗುತ್ತದೆ, ಆದ್ದರಿಂದ ತಲೆ ನಡುವೆ ಇರಬೇಕು. ಹೊರರೋಗಿ ವಿಭಾಗದಲ್ಲಿ ಎರಡು ತಾಸು ಕಾದು ಸುಸ್ತಾದ ಮಗುವಿನ ಮೇಲೆ ಮಾಡಿದ ಪರೀಕ್ಷೆಯಿಂದ ದೊಡ್ಡ ತೀರ್ಮಾನ ತೆಗೆಯಬಾರದು. ‘ಸರ್, ಮಗು ಈಗ ಸರಿಯಾಗಿಲ್ಲ, ಹಾಲು ಕುಡಿಸಿ ಕರೆತರುತ್ತೇನೆ’ ಎಂದು ಹೇಳಲು ಸಂಕೋಚಪಡಬೇಡಿ.

ನಿಮ್ಮ ಅತ್ತೆಯವರ ಮಾತು ಅರ್ಧ ನಿಜ ಎಂಬುದನ್ನೂ ಹೇಳಬೇಕು. ದಿನ ತುಂಬದ ಮಕ್ಕಳಲ್ಲಿ ಮೊದಲ ವರ್ಷ ಕಾಲು-ಬೆನ್ನಿನಲ್ಲಿ ಬಿಗಿತ ಕಾಣಿಸಿಕೊಂಡು, ವರ್ಷ-ಒಂದೂವರೆ ವರ್ಷದೊಳಗೆ ಪೂರ್ತಿ ಇಳಿದುಹೋಗುವುದುಂಟು. ಒಂದು ದಿನದ ಪರೀಕ್ಷೆಯಲ್ಲಿ ಅದಕ್ಕೂ ಸೆರೆಬ್ರಲ್ ಪಾಲ್ಸಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅದಕ್ಕೇ ಮತ್ತೆ ಮತ್ತೆ ಬರಹೇಳುವುದು. ಮಾತಿನ ತಪ್ಪು ಅರ್ಧ ಎಲ್ಲಿದೆಯೆಂದರೆ, ಸರಿಹೋಗುವ ಮಗು ಯಾವುದು, ಹೋಗದ ಮಗು ಯಾವುದು ಎಂದು ಕಾದು ತಿಳಿಯುವಷ್ಟರಲ್ಲಿ ಮಿದುಳು ಅತಿ ಬೇಗ ಕಲಿಯುವ ತಿಂಗಳುಗಳು ಕಳೆದಿರುತ್ತವೆ. ಈಗ ರೋಗದ ಹೆಸರು ಖಚಿತವಾಗುವವರೆಗೆ ಕಾಯುವ ಪದ್ಧತಿ ಇಲ್ಲ. ‘ಅಪಾಯ ಹೆಚ್ಚು’ ಎಂದು ಕಂಡರೆ ಸಾಕು, ಚಿಕಿತ್ಸೆ ಶುರು. ಆಮೇಲೆ ಮಗು ಚೆನ್ನಾಗಿಯೇ ಇದೆ ಎಂದಾದರೆ ಕಳೆದುಕೊಂಡದ್ದೇನೂ ಇಲ್ಲ.

ಸ್ಕ್ಯಾನಿನ ವಿಚಾರ. ಗ್ರೇಡ್ 2 ಅಂದರೆ ಮಿದುಳಿನ ಒಳಗಿನ ನೀರಿನ ಕೋಶಕ್ಕೆ ರಕ್ತ ಸೇರಿದೆ, ಆದರೆ ಕೋಶ ಉಬ್ಬಿಲ್ಲ. ಗ್ರೇಡ್ 3, 4ರಷ್ಟು ಭಯದ್ದಲ್ಲ. ನಾನು ಹೆಚ್ಚು ಚಿಂತಿಸುವುದು ನೀವು ಬರೆಯದೆ ಬಿಟ್ಟಿರುವುದರ ಬಗ್ಗೆ: ಮೊದಲ ವಾರದ ನಂತರ ಸ್ಕ್ಯಾನ್ ಆಯಿತೇ? ರಕ್ತದ ಕೊರತೆಯಿಂದ ಮಿದುಳಿನ ಬಿಳಿ ಭಾಗಕ್ಕೆ ಆದ ಪೆಟ್ಟು ಗುಳ್ಳೆಗಳಾಗಿ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಪಿವಿಎಲ್ ಎನ್ನುವುದು ಇದನ್ನೇ. ಮೊದಲ ವಾರದ ಸ್ಕ್ಯಾನಿಗೆ ಅದು ಸಿಗುವುದಿಲ್ಲ, 40 ವಾರದ ಸುಮಾರಿನ ಸ್ಕ್ಯಾನ್ ಮುಖ್ಯವಾಗುವುದು ಅದಕ್ಕೇ. ಆಗಿರದಿದ್ದರೆ ಈಗಲೂ ನೆತ್ತಿ ತೆರೆದಿರುತ್ತದೆ, ಅಲ್ಟ್ರಾಸೌಂಡ್ ಮಾಡಬಹುದು. ಮೇಲಿನ ಪರೀಕ್ಷೆಗಳಲ್ಲಿ ಏರುಪೇರು ಕಂಡರೆ ಎಂಆರ್‌ಐ ಹೇಳುತ್ತಾರೆ. ತಲೆಯ ಸುತ್ತಳತೆಯನ್ನೂ ಪ್ರತಿ ಭೇಟಿಯಲ್ಲಿ ಬರೆಸಿ. ಹುಬ್ಬಿನ ಮೇಲಿಂದ, ಹಿಂದೆ ತಲೆಯ ಅತಿ ಉಬ್ಬಿದ ಜಾಗದ ಮೇಲೆ, ಜಗ್ಗದ ಟೇಪಿನಲ್ಲಿ ಮೂರು ಸಲ ಅಳೆದು ಹೆಚ್ಚು ಬಂದದ್ದನ್ನು ಹಿಡಿಯಬೇಕು. ಮೂರರಿಂದ ಆರು ತಿಂಗಳಲ್ಲಿ ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬೆಳವಣಿಗೆ ಪಟ್ಟಿಯ ಗೆರೆ ದಾಟಿ ಮೇಲೇರುತ್ತಿದ್ದರೆ, ಜೊತೆಗೆ ನೆತ್ತಿ ಉಬ್ಬಿ, ವಾಂತಿಯಾಗುತ್ತಿದ್ದರೆ ಮಿದುಳಿನಲ್ಲಿ ನೀರು ಸೇರುತ್ತಿರಬಹುದು, ತಡಮಾಡಬಾರದು. ತೀರ ಬೆಳೆಯದೆ ನಿಂತರೆ ಅದೂ ಒಳ್ಳೆಯದಲ್ಲ.

ಕಣ್ಣಿನ ಎರಡನೇ ಭೇಟಿ ತಪ್ಪಿದ್ದು ನಿಮ್ಮ ಪತ್ರದಲ್ಲಿ ನನಗೆ ಅತಿ ಕಳವಳ ತಂದ ಸಾಲು. 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿ 30 ದಿನದೊಳಗೆ ಅಕ್ಷಿಪಟಲದ ಪರೀಕ್ಷೆ ಆಗಬೇಕು ಎಂಬುದು ನಮ್ಮ ದೇಶದ ನಿಯಮ. ಹುಡುಕುವುದು ಆರ್‌ಒಪಿ ಎಂಬ ರೋಗವನ್ನು, ದಿನ ತುಂಬದ ಮಕ್ಕಳ ಅಕ್ಷಿಪಟಲದ ರಕ್ತನಾಳಗಳು ದಾರಿತಪ್ಪಿ ಬೆಳೆಯುವ ತೊಂದರೆ ಅದು. ಇದು ಒಂದೇ ಸಲಕ್ಕೆ ಮುಗಿಯುವ ಪರೀಕ್ಷೆಯಲ್ಲ. ಕಣ್ಣಿನ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವವರೆಗೂ ವಾರ-ಎರಡು ವಾರಕ್ಕೊಮ್ಮೆ ನೋಡುತ್ತಿರಬೇಕು. ರೋಗ ಮಿತಿಮೀರಿದರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು, ಇಲ್ಲದಿದ್ದರೆ ದೃಷ್ಟಿಯೇ ಹೋಗಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ, ಮೋಸವೇ ಅಲ್ಲಿ. ಹಳೆಯ ಚೀಟಿ ತೆಗೆದು ನೋಡಿ: ‘ಮೆಚ್ಯೂರ್’ ಎಂದಿದ್ದರೆ ಸಮಾಧಾನ. ‘ಇಮ್ಮೆಚ್ಯೂರ್’, ‘ಝೋನ್ 2’, ‘2 ವಾರದ ನಂತರ’ ಎಂದಿದ್ದರೆ ಈ ವಾರವೇ ಅಕ್ಷಿಪಟಲ ತಜ್ಞರ ಬಳಿ ಹೋಗಿ. ಕರ್ನಾಟಕದ ಮಟ್ಟಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೇ ಹೋಗುತ್ತಾರೆ, ದೂರದಲ್ಲಿ ಕುಳಿತ ತಜ್ಞರು ಚಿತ್ರ ನೋಡಿ ಹೇಳುತ್ತಾರೆ. ನಿಮ್ಮ ಆಸ್ಪತ್ರೆಗೆ ಬರುತ್ತಾರೆಯೇ ಎಂದು ವಿಚಾರಿಸಿ. ಆರ್‌ಒಪಿ ಇಲ್ಲದಿದ್ದರೂ ವರ್ಷದ ಸುಮಾರಿಗೆ ಕನ್ನಡಕದ ಪವರ್ ಮತ್ತು ಮೆಳ್ಳೆಗಣ್ಣಿಗಾಗಿ ಮತ್ತೆ ತೋರಿಸಬೇಕು.

ಕಿವಿಯ ‘ಪಾಸ್’ ಯಾವ ಯಂತ್ರದ್ದು? ವರದಿಯಲ್ಲಿ ‘ಓಎಇ’ ಎಂದು ಮಾತ್ರ ಇದ್ದರೆ ಅದು ಸಾಲದು. ಓಎಇ ಒಳಕಿವಿಯ ಕೆಲಸವನ್ನಷ್ಟೇ ಹೇಳುತ್ತದೆ. ಶಬ್ದ ನರದ ಮೂಲಕ ಮಿದುಳಿಗೆ ಮುಟ್ಟಿತೇ ಎಂದು ಹೇಳುವುದು ಎಎಬಿಆರ್ ಅಥವಾ ಬೇರಾ ಪರೀಕ್ಷೆ. ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ ಮಕ್ಕಳಿಗೆ, ಅದರಲ್ಲೂ ವೆಂಟಿಲೇಟರ್, ಜೆಂಟಾಮೈಸಿನ್-ಅಮಿಕಾಸಿನ್ ಇಂಜೆಕ್ಷನ್, ತೀವ್ರ ಕಾಮಾಲೆ ಆಗಿದ್ದವರಿಗೆ ನರದ ತೊಂದರೆಯ ಸಾಧ್ಯತೆ ಇರುವುದರಿಂದ ಎರಡನೆಯದೇ ಬೇಕು. ಮಗು ನಿದ್ದೆಯಲ್ಲಿರಬೇಕಾದ ಪರೀಕ್ಷೆ ಇದು. ಆದ್ದರಿಂದ ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ, ಕೊಠಡಿಯಲ್ಲೇ ಹಾಲು ಕುಡಿಸಿ ಮಲಗಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪೂರ್ಣ ವ್ಯವಸ್ಥೆ ಇದೆ. ದೋಷವಿದ್ದರೆ ಆರು ತಿಂಗಳೊಳಗೆ ಶ್ರವಣಯಂತ್ರ ಹಾಕಿಸಿದ ಮಗುವಿಗೂ ಎರಡು ವರ್ಷದ ಮೇಲೆ ಹಾಕಿಸಿದ ಮಗುವಿಗೂ ಮಾತಿನಲ್ಲಿ ಅಜಗಜಾಂತರ. ಪಾಸಾದರೂ ಒಂಬತ್ತು ತಿಂಗಳೊಳಗೆ ಮತ್ತೊಮ್ಮೆ ನೋಡಿಸಿ. ಬಜೆ ತೇದು ನೆಕ್ಕಿಸಿದರೆ ಮಾತು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಯವಾಗಿ ಬೇಡವೆನ್ನಿ.

ಥೈರಾಯ್ಡ್ ರಕ್ತಪರೀಕ್ಷೆ ಮೊದಲ ವಾರದಲ್ಲಿ ಒಮ್ಮೆ ಮಾತ್ರ ಆಗಿದ್ದರೆ ಮತ್ತೊಮ್ಮೆ ಮಾಡಿಸಿ. ಥೈರಾಯ್ಡ್ ಕೊರತೆಯನ್ನು ತೋರಿಸಿಕೊಡುವ ಟಿಎಸ್‌ಎಚ್ ಎಂಬ ಹಾರ್ಮೋನು ದಿನ ತುಂಬದ ಮಕ್ಕಳಲ್ಲಿ ತಡವಾಗಿ ಏರುವುದುಂಟು. ಗುಳಿಗೆಯಿಂದ ಸರಿಹೋಗುವ ಕೊರತೆಗೆ ಮಗುವಿನ ಬುದ್ಧಿ ಬಲಿಯಾಗಬಾರದು. ಕಬ್ಬಿಣ ಮತ್ತು ವಿಟಮಿನ್ ಡಿ ಹನಿಗಳು ನಡೆಯುತ್ತಿವೆಯೇ ಎಂದೂ ನೋಡಿ. ಬಾಟಲಿ ಬದಲಾದಾಗ ಪ್ರತಿ ಮಿಲಿಯಲ್ಲಿ ಇರುವ ಪ್ರಮಾಣ ಬದಲಾಗುತ್ತದೆ (400ರ ಬದಲು 800 ಯೂನಿಟ್ ಇರಬಹುದು), ತೂಕ ಏರಿದಂತೆ ಕಬ್ಬಿಣದ ಡೋಸೂ ಏರಬೇಕು.

ಮುಂದಿನ ಭೇಟಿಗಳು ಕರೆಕ್ಟೆಡ್ 6, 9, 12, 18, 24 ತಿಂಗಳಿಗೆ. ನಡುವೆ ಅಂಗನವಾಡಿ, ಆಶಾ ಮಟ್ಟದಲ್ಲಿ ಬಳಸಬಹುದಾದ ತಿರುವನಂತಪುರದ ಚಾರ್ಟ್ ಒಂದಿದೆ, 17 ಅಂಶಗಳದ್ದು: ಮಗುವಿನ ವಯಸ್ಸಿನ ಮೇಲೆ ಪೆನ್ಸಿಲ್ ನೇರ ಇಟ್ಟು, ಅದರ ಎಡಗಡೆ ಮುಗಿದಿರುವ ಯಾವುದನ್ನು ಮಗು ಮಾಡುತ್ತಿಲ್ಲ ಎಂದು ನೋಡುವುದು. ಇದು ಜರಡಿ ಹಿಡಿಯುವುದಷ್ಟೇ, ರೋಗನಿರ್ಣಯವಲ್ಲ. ಪೂರ್ಣ ಅಳತೆಗೆ ನಮ್ಮಲ್ಲಿ ‘ಡಾಸಿ’ ಅಥವಾ ‘ಬೇಯ್ಲಿ’ ಬಳಸುತ್ತಾರೆ. ಡಾಸಿ ಭಾರತದ ಮಕ್ಕಳ ಮೇಲೆಯೇ ಅಳೆದು ಮಾಡಿದ್ದು, 67 ಚಲನೆಯ ಅಂಶ, 163 ಬುದ್ಧಿಯ ಅಂಶ, 30 ತಿಂಗಳವರೆಗೆ. ಈ ಅಂಕಗಳನ್ನು ಆರನೇ ತಿಂಗಳಲ್ಲಿ ಓದಿ ಮುಂದಿನ ಬುದ್ಧಿಮತ್ತೆಯನ್ನು ಊಹಿಸಬಾರದು. 18ರಿಂದ 24 ತಿಂಗಳ ಅಂಕಕ್ಕೆ ಹೆಚ್ಚು ಬೆಲೆ. ಅದೇ ಹೊತ್ತಿಗೆ ಆಟಿಸಂ ಪ್ರಶ್ನಾವಳಿಯನ್ನೂ ಕೇಳುತ್ತಾರೆ. ಚಲನೆ ಚೆನ್ನಾಗಿದೆ ಎಂದು ಒಂದು ವರ್ಷಕ್ಕೆ ಬರುವುದು ನಿಲ್ಲಿಸುವವರೇ ಹೆಚ್ಚು. ಮಾತು, ಗಮನ, ಕಲಿಕೆಯ ತೊಡಕುಗಳು ತಲೆ ಹಾಕುವುದೇ ಆಮೇಲೆ.

ಮನೆಯಲ್ಲಿ ಹೆಚ್ಚೇನೂ ಬೇಡ. ಮಲಗಿಸುವುದು ಅಂಗಾತ, ಎಚ್ಚರವಿದ್ದಾಗ ಎದುರಿಗೆ ಕುಳಿತು ದಿನಕ್ಕೆ ನಾಲ್ಕೈದು ಸಲ, ಎರಡು ಮೂರು ನಿಮಿಷದಿಂದ ಶುರುಮಾಡಿ ಬೋರಲು ಮಲಗಿಸಿ. ನಿಮ್ಮ ಎದೆಯ ಮೇಲೆ ಮಲಗಿಸಿದರೂ ಆಯಿತು. ಸೀರೆಯ ಜೋಲಿಯಲ್ಲಿ ಇಡೀ ದಿನ ಮಲಗಿಸಿದರೆ ಬೆನ್ನು ಮಡಚಿಕೊಂಡು, ಕೈಕಾಲಾಡಿಸಲು ಜಾಗವೇ ಇರುವುದಿಲ್ಲ. ಎಣ್ಣೆ ನೀವುವುದು ಹಿತವೇ, ಆದರೆ ಕೀಲು ಎಳೆಯುವುದು, ಕತ್ತು ತಿರುಚುವುದು, ಮೂಗು-ಕಿವಿಗೆ ಎಣ್ಣೆ ಬಿಡುವುದು ಬೇಡ. ವಾಕರ್ ಕೊಳ್ಳಬೇಡಿ. ಆಟದ ನಡುವೆ ಮುಖ ತಿರುಗಿಸುವುದು, ಆಕಳಿಕೆ, ಬಿಕ್ಕಳಿಕೆ, ಬೆರಳು ಅಗಲಿಸುವುದು ಕಂಡರೆ ‘ಸಾಕು’ ಅನ್ನುತ್ತಿದ್ದಾನೆ ಎಂದು ತಿಳಿಯಿರಿ.

ಇವೆಲ್ಲ ಒಂದೇ ಸೂರಿನಡಿ ಸಿಗಬೇಕೆಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ‘ಡಿಇಐಸಿ’ ಎಂದು ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು, ಉಚಿತ. ಮಕ್ಕಳ ವೈದ್ಯರು, ಫಿಸಿಯೊಥೆರಪಿ, ಶ್ರವಣ ಮತ್ತು ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು ಅಲ್ಲಿರಬೇಕು ಎಂಬುದು ಯೋಜನೆ. ಯಾವ ಹುದ್ದೆ ಭರ್ತಿಯಾಗಿದೆ, ಯಾವ ದಿನ ಯಾರು ಬರುತ್ತಾರೆ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡು ಹೋಗಿ. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನಿನ ಎಲ್ಲ ವರದಿ, ಕಣ್ಣು-ಕಿವಿಯ ಚೀಟಿ, ತಾಯಿ ಕಾರ್ಡ್, ಫೋನಿನಲ್ಲಿ ಆ ವಿಡಿಯೊ ಇಷ್ಟು ಜೊತೆಗಿರಲಿ.

ಒಂದಕ್ಕೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬಾರದು. ನಿದ್ದೆಯಿಂದ ಎದ್ದ ಹೊತ್ತಿನಲ್ಲಿ ಮಗು ಥಟ್ಟನೆ ತಲೆ ಬಾಗಿಸಿ, ಕೈ ಅಗಲಿಸಿ ಮುದುಡಿಕೊಳ್ಳುವುದು, ಕೆಲವು ಸೆಕೆಂಡಿಗೊಮ್ಮೆ ಸಾಲಾಗಿ ಹತ್ತಿಪ್ಪತ್ತು ಸಲ ಹಾಗಾಗುವುದು ಕಂಡರೆ ಅದನ್ನು ‘ಬೆಚ್ಚಿಬಿತ್ತು’, ‘ಹೊಟ್ಟೆನೋವು’ ಎಂದುಕೊಳ್ಳಬೇಡಿ. ಅದು ಇನ್‌ಫಂಟೈಲ್ ಸ್ಪಾಸಮ್ ಎಂಬ ಮೂರ್ಛೆಯಾಗಿರಬಹುದು. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂರರಿಂದ ಹನ್ನೆರಡು ತಿಂಗಳೊಳಗೆ. ವಿಡಿಯೊ ತೆಗೆದು ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿ.